ಮುಂದಿನ ಗಾಲಿಗಳ ನಡುಕ

ವ್ಯಾಪಾರ ಮತ್ತು ಪ್ರಾಮಾಣಿಕತೆಯ ವಿಷಯವಾಗಿ ಏನಾದರೂ ಬರೆದುಕೊಡಿರೆಂದು ಸಂಪಾದಕರು ಕೇಳಿದಾಗ, ತಕ್ಕಡಿ, ತೂಕದ ಕಲ್ಲು, ಬಡ್ಡಿ, ವಹಿಪುಸ್ತಕ ಇವುಗಳ ಬಗ್ಗೆ ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಮೂವತ್ತು ವರ್ಷಗಳಿಗೂ ಮಿಕ್ಕಿ ಮೆಣಸಿನಕಾಯಿ ಮತ್ತು ಹತ್ತಿಯ ದಲಾಲಿ ನಡೆಸಿದವನಿಂದ ಅದನ್ನೇ ನಿರೀಕ್ಷಿಸುವುದು ಸಹಜ. ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಒಂದು ಮೋಟಾರು ವಾಹನದ ಮುಂದಿನ ಗಾಲಿಗಳ ಬಗ್ಗೆ. ಯಂತ್ರಶಾಸ್ತ್ರವನ್ನು ಓದಿದವನು ನಾನಲ್ಲ, 1980ರಲ್ಲಿ ಬಿ.ಕಾಂ. ಮುಗಿಸಿ ನೇರವಾಗಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಆದುದರಿಂದ ಇಲ್ಲಿ ಬರುವ ಯಂತ್ರದ ವಿವರಗಳೆಲ್ಲ ಒಬ್ಬ ವೃದ್ಧ ಮೆಕ್ಯಾನಿಕನ ಪಕ್ಕದಲ್ಲಿ ನಿಂತು ಕಂಡವು ಹಾಗೂ ಕೇಳಿ ಕಲಿತವು.

2024ರ ಮೇ ತಿಂಗಳಿನಲ್ಲಿ ನಾನೂ ನನ್ನ ಧರ್ಮಪತ್ನಿಯೂ ಅಮೆರಿಕದ ಕೊಲರಾಡೊ ಪ್ರಾಂತ್ಯದಲ್ಲಿರುವ ಮಗನ ಮನೆಗೆ ಹೋದೆವು. ಡೆನ್ವರ್ ನಗರಕ್ಕೆ ಅಂಟಿಕೊಂಡಿರುವ ಅರೋರಾ ಎಂಬಲ್ಲಿ ಅವನ ವಾಸ. ಡೆನ್ವರ್ ನಗರವು ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ, ಅಂದರೆ 5,280 ಅಡಿ ಎತ್ತರದಲ್ಲಿದೆ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪಶ್ಚಿಮಕ್ಕೆ ತಿರುಗಿದರೆ ರಾಕಿ ಪರ್ವತಗಳು. ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕುಳಿತಿರುವ ನನ್ನ ಮಗನಿಗೆ ಶನಿವಾರ ಬಂದೊಡನೆ ಆ ಪರ್ವತಗಳ ಹುಚ್ಚು. ಅದಕ್ಕಾಗಿ ಅವನು 2023ರಲ್ಲಿ ಒಂದು ಹಳೆಯ ಟ್ರಕ್ಕನ್ನು ಕೊಂಡಿದ್ದನು.

ಟ್ರಕ್ಕು ಎಂದೊಡನೆ ನಮ್ಮ ಲಾರಿಯನ್ನು ಕಲ್ಪಿಸಿಕೊಳ್ಳಬಾರದು. ಮುಂದೆ ಕಾರಿನಂತಹ ಕೋಣೆ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ ಇರುವ ವಾಹನಕ್ಕೆ ಅಲ್ಲಿ ಟ್ರಕ್ಕೆಂದು ಹೆಸರು. ಮಗನದು ಅವುಗಳಲ್ಲಿ ದೊಡ್ಡ ಜಾತಿಯದು. ನಮ್ಮ ಲಾರಿಗಳಂತೆಯೇ ಮುಂದುಗಡೆ ಎಡದಿಂದ ಬಲಕ್ಕೆ ಒಂದೇ ಅಖಂಡ ಅಚ್ಚು ಇರುವಂಥದು. ಅದರ ಹಿಂದಿನ ಮಾಲೀಕನು ಅದನ್ನು ಆರು ಅಂಗುಲ ಎತ್ತರಿಸಿದ್ದನು. ಕಾರ್ಖಾನೆಯವರು ಕೊಟ್ಟ ಸ್ಪ್ರಿಂಗುಗಳನ್ನು ತೆಗೆದು ಉದ್ದನೆಯ ಸ್ಪ್ರಿಂಗುಗಳನ್ನು ಹಾಕಿಸಿ, ಮೂವತ್ತೇಳು ಅಂಗುಲ ಎತ್ತರದ ಟಯರುಗಳನ್ನು ತೊಡಿಸಿದ್ದನು. ಕಲ್ಲುಬಂಡೆಗಳ ಮೇಲೆ ಹಾಯುವಾಗ ಹೊಟ್ಟೆ ತಗಲಬಾರದೆಂಬುದು ಇದರ ಉದ್ದೇಶವೆಂದು ಹೇಳುತ್ತಾರೆ. ಆದರೆ ಪೇಟೆಯ ಅಂಗಡಿಗಳ ಮುಂದೆ ನಿಂತಿದ್ದ ಎತ್ತರಿಸಿದ ಟ್ರಕ್ಕುಗಳನ್ನು ನೋಡಿದಾಗ, ಬಂಡೆಯನ್ನು ಎಂದೂ ಕಾಣದವೇ ಹೆಚ್ಚೆಂದು ನನಗೆ ಅನ್ನಿಸಿತು. ನನ್ನ ಪತ್ನಿಗೆ ಅದನ್ನು ಹತ್ತಲು ಪ್ಲಾಸ್ಟಿಕ್ ಮೆಟ್ಟಿಲೊಂದು ಬೇಕಾಗುತ್ತಿತ್ತು. ಪ್ರತಿಸಲವೂ ಆ ಮೆಟ್ಟಿಲನ್ನು ಮಡಚಿ ಒಳಗಿಡುವ ಕೆಲಸ ನನ್ನದು.

ಜೂನ್ ತಿಂಗಳ ಒಂದು ಭಾನುವಾರ ನಾವೆಲ್ಲರೂ 285ನೆಯ ಹೆದ್ದಾರಿಯಲ್ಲಿ ಕೆನೋಶಾ ಕಣಿವೆಯ ಕಡೆಗೆ ಹೊರಟೆವು. ಸುಮಾರು ಹತ್ತು ಸಾವಿರ ಅಡಿ ಎತ್ತರದ ಜಾಗ ಅದು. ಬೇಲಿ ಎಂಬ ಊರು ಇನ್ನೂ ಮುಂದಿತ್ತು. ಮಗ ಓಡಿಸುತ್ತಿದ್ದನು, ನಾನು ಪಕ್ಕದಲ್ಲಿದ್ದೆನು. ಹಿಂದೆ ಸೊಸೆ, ನನ್ನ ಪತ್ನಿ, ಅವರಿಬ್ಬರ ನಡುವೆ ಏಳು ವರ್ಷದ ಮೊಮ್ಮಗಳು. ವೇಗ ಗಂಟೆಗೆ ಐವತ್ತೈದು ಮೈಲಿ, ನಮ್ಮ ಲೆಕ್ಕದಲ್ಲಿ ಎಂಬತ್ತೆಂಟು ಕಿಲೋಮೀಟರು. ಒಂದು ಸೇತುವೆಯ ಕಬ್ಬಿಣದ ಸಂದನ್ನು ಬಲಗಾಲಿ ದಾಟಿತು. ಸಣ್ಣದೊಂದು ಟಕ್ಕೆಂಬ ಶಬ್ದ, ಅಷ್ಟೆ. ಮರುಕ್ಷಣದಲ್ಲಿ ಸ್ಟಿಯರಿಂಗ್ ಚಕ್ರವು ಮಗನ ಕೈಯಲ್ಲಿ ಎಡಕ್ಕೂ ಬಲಕ್ಕೂ ಹೊಡೆದಾಡತೊಡಗಿತು. ಅದು ಬರಿಯ ಕಂಪನವಾಗಿರಲಿಲ್ಲ. ಯಾರೋ ಬಲಶಾಲಿಗಳು ಕೆಳಗೆ ಕುಳಿತು ಎರಡೂ ಗಾಲಿಗಳನ್ನು ಹಿಡಿದು ಜಗ್ಗಾಡಿದಂತಿತ್ತು. ನನ್ನ ಕನ್ನಡಕವು ಮೂಗಿನಿಂದ ಜಾರಿಬಿದ್ದಿತು. ಮಗನು ಗಾಬರಿಯಿಂದ ಬ್ರೇಕನ್ನು ಒತ್ತಿದನು. ಹೊಡೆತ ಇನ್ನೂ ಹೆಚ್ಚಾಯಿತು. ಎದುರುಗಡೆಯಿಂದ ವಾಹನಗಳು ಬರುತ್ತಿದ್ದವು. ಅವನು ಬ್ರೇಕನ್ನು ಬಿಟ್ಟು, ಚಕ್ರವನ್ನು ಬಿಗಿಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟನು. ಮೂವತ್ತು ಮೈಲಿಗಿಂತ ಕೆಳಗಿಳಿದಾಗ, ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲವೂ ಶಾಂತವಾಯಿತು. ರಸ್ತೆಯ ಬದಿಗೆ ನಿಲ್ಲಿಸಿದೆವು. ಯಾರೂ ಮಾತನಾಡಲಿಲ್ಲ. ಮೊಮ್ಮಗಳು ಮಾತ್ರ, “ಅಜ್ಜ, ಗಾಡಿಗೆ ಚಳಿ ಬಂತಾ?” ಎಂದು ಕೇಳಿದಳು.

ಇಳಿದು ನೋಡಿದರೆ ಯಾವುದೂ ಮುರಿದಿರಲಿಲ್ಲ, ಯಾವುದೂ ಕಳಚಿರಲಿಲ್ಲ. ಆಗ ಮಗನು ಮೆಲ್ಲನೆ ಹೇಳಿದನು: ಇದೇನೂ ಮೊದಲ ಸಲವಲ್ಲ, ಹಿಂದೆಯೂ ಎರಡು ಸಲ ಹೀಗಾಗಿತ್ತು, ಆಗ ಅವನೊಬ್ಬನೇ ಇದ್ದುದರಿಂದ ಯಾರಿಗೂ ಹೇಳಿರಲಿಲ್ಲ. ನನಗೆ ಬಂದ ಸಿಟ್ಟನ್ನು ಇಲ್ಲಿ ವರ್ಣಿಸುವುದಿಲ್ಲ. ಕಷಾಯಗಳನ್ನು ಮಂದ ಮಾಡಿಕೊಳ್ಳಬೇಕೆಂದು ಸ್ವಾಧ್ಯಾಯದಲ್ಲಿ ಇತರರಿಗೆ ಹೇಳುವವನು ನಾನು. ಆ ದಿನ ರಸ್ತೆಯ ಬದಿಯಲ್ಲಿ ನನ್ನ ಸ್ವಾಧ್ಯಾಯವೆಲ್ಲ ಎಲ್ಲಿ ಹೋಗಿತ್ತೋ ತಿಳಿಯದು.

ಈ ನಡುಕಕ್ಕೆ ಅಲ್ಲಿಯವರು ಡೆತ್ ವಾಬಲ್, ಅಂದರೆ ಸಾವಿನ ತೂಗಾಟ ಎಂದು ಹೆಸರಿಟ್ಟಿದ್ದಾರೆ. ಹೆಸರು ಭಯಂಕರವಾದರೂ ತತ್ತ್ವ ಸರಳ. ಅಖಂಡ ಅಚ್ಚಿನ ಎರಡು ತುದಿಗಳಲ್ಲಿ ಎರಡು ಭಾರವಾದ ಗಾಲಿಗಳು ಒಂದು ಸಲಾಕೆಯಿಂದ ಜೋಡಿಸಲ್ಪಟ್ಟಿವೆ. ಒಂದು ಗಾಲಿ ಕದಲಿದರೆ ಇನ್ನೊಂದೂ ಕದಲಲೇಬೇಕು. ಕೀಲುಗಳೆಲ್ಲ ಬಿಗಿಯಾಗಿದ್ದರೆ ಆ ಕದಲಿಕೆ ಅಲ್ಲಿಯೇ ಅಡಗುತ್ತದೆ. ಎಲ್ಲಿಯಾದರೂ ಸಡಿಲಿದ್ದರೆ, ಉಯ್ಯಾಲೆಯನ್ನು ಸಕಾಲಕ್ಕೆ ತಳ್ಳಿದಂತೆ ಒಂದು ತೂಗು ಮತ್ತೊಂದನ್ನು ಬೆಳೆಸುತ್ತಾ ಹೋಗುತ್ತದೆ. ಇದು ಇಂದಿನ ರೋಗವೂ ಅಲ್ಲ. 1920ರ ದಶಕದ ಕಾರುಗಳಲ್ಲಿ ಇದೇ ನಡುಕ ಎಂಜಿನಿಯರುಗಳ ನಿದ್ದೆ ಕೆಡಿಸಿತ್ತು. 1934ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ತನ್ನ ಹಲವು ಕಾರುಗಳಿಗೆ ಎರಡು ಮುಂಗಾಲಿಗಳನ್ನೂ ಬೇರೆಬೇರೆಯಾಗಿ ತೂಗಾಡಿಸುವ ಏರ್ಪಾಟನ್ನು ತಂದುದಕ್ಕೆ ಈ ನಡುಕವೂ ಒಂದು ಕಾರಣ. ಭಾರ ಹೊರುವ ವಾಹನಗಳಲ್ಲಿ ಅಖಂಡ ಅಚ್ಚು ಇಂದಿಗೂ ಉಳಿದುಕೊಂಡಿದೆ. ಗಟ್ಟಿತನಕ್ಕೆ ಅದಕ್ಕಿಂತ ಮಿಗಿಲಾದುದಿಲ್ಲ.

ಮರುದಿನವೇ ಟ್ರಕ್ಕನ್ನು ಮನೆಯ ಹತ್ತಿರದ ಒಂದು ದೊಡ್ಡ ಗ್ಯಾರೇಜಿಗೆ ಕೊಂಡೊಯ್ದೆವು. ಅದರ ಹೆಸರು ಬೇಡ. ಅವರು ನಾಲ್ಕು ಟಯರುಗಳ ಸಮತೋಲ ಸರಿಪಡಿಸಿ, ಸ್ಟಿಯರಿಂಗ್ ಡ್ಯಾಂಪರನ್ನು ಬದಲಿಸಿ, ಒಂದರ ಜಾಗದಲ್ಲಿ ಎರಡನ್ನು ಜೋಡಿಸಿ, ಕೈತುಂಬ ಬಿಲ್ಲು ಕೊಟ್ಟರು. ಡ್ಯಾಂಪರ್ ಎಂಬುದು ಬಾಗಿಲು ರಪ್ಪನೆ ಹಾಕಿಕೊಳ್ಳದಂತೆ ಮೇಲೆ ಕೂರಿಸುವ ಎಣ್ಣೆಯ ಕೊಳವೆಯಂಥದು. ಕಲ್ಲುಮಣ್ಣಿನ ಸಣ್ಣ ಹೊಡೆತಗಳು ಚಾಲಕನ ಕೈಗೆ ತಾಗದಂತೆ ಹೀರಿಕೊಳ್ಳುವುದು ಅದರ ಕೆಲಸ. ಮೂರು ವಾರ ಟ್ರಕ್ಕು ಸುಮ್ಮನಿತ್ತು. ಜುಲೈ ತಿಂಗಳಿನಲ್ಲಿ ಮಗನು ಒಬ್ಬನೇ ಹೋಗುವಾಗ ಮತ್ತೆ ನಡುಗಿತು, ಮೊದಲಿಗಿಂತ ಜೋರಾಗಿ.

ಆ ದಿನ ಸಂಜೆ ನಾನು ಚಾಪೆ ಹಾಸಿಕೊಂಡು ಟ್ರಕ್ಕಿನ ಕೆಳಗೆ ಮಲಗಿದೆನು. ಆರು ಅಂಗುಲ ಎತ್ತರಿಸಿದ್ದರಿಂದ ಆದ ಒಂದು ಉಪಕಾರವೆಂದರೆ ಅದೇ. ಏನು ನೋಡಬೇಕೆಂದು ನನಗೆ ತಿಳಿದಿರಲಿಲ್ಲ. ಗ್ಯಾರೇಜಿನವರು ಕಳಚಿ ಕೊಟ್ಟ ಹಳೆಯ ಡ್ಯಾಂಪರು ಪಕ್ಕದಲ್ಲಿಯೇ ಬಿದ್ದಿತ್ತು. ಅದನ್ನು ಕೈಗೆತ್ತಿಕೊಂಡು ನೋಡಿದೆನು. ಕೆಳಗಿನ ಪ್ರತಿಯೊಂದು ಭಾಗವೂ ತುಕ್ಕು, ಕೆಸರು ಹಿಡಿದಿರುವಾಗ, ಅವರು ಬಿಚ್ಚಿದ ಆ ಡ್ಯಾಂಪರು ಮಾತ್ರ ಹೆಚ್ಚುಕಡಿಮೆ ಹೊಸದಾಗಿತ್ತು. ಬಣ್ಣ ಕೂಡ ಹೋಗಿರಲಿಲ್ಲ. ಅಂದರೆ ಮಗನಿಗೆ ಮಾರುವ ಸ್ವಲ್ಪ ಮೊದಲು ಹಿಂದಿನ ಮಾಲೀಕನೂ ಇದೇ ಕೆಲಸವನ್ನು ಮಾಡಿದ್ದನು. ಹಳೆಯ ಮನೆಯಲ್ಲಿ ಒಂದೇ ಒಂದು ಗೋಡೆಗೆ ಹೊಸ ಸುಣ್ಣ ಬಳಿದಿದ್ದರೆ, ಬಿರುಕು ಆ ಗೋಡೆಯಲ್ಲಿದೆಯೆಂದು ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಮನುಷ್ಯನ ಮೇಲೆ ಸಿಟ್ಟು ಬರಬೇಕಾಗಿತ್ತು. ಆದರೆ ಬಂದದ್ದು ಸಿಟ್ಟಲ್ಲ. ಅದೇನೆಂಬುದನ್ನು ಮುಂದೆ ಹೇಳುತ್ತೇನೆ.

ಮಗನ ಸಹೋದ್ಯೋಗಿಯೊಬ್ಬರು ಎಂಗಲ್‌ವುಡ್ ಎಂಬ ಕಡೆ ಇರುವ ಒಬ್ಬ ವೃದ್ಧ ಮೆಕ್ಯಾನಿಕನನ್ನು ಸೂಚಿಸಿದರು. ಎಪ್ಪತ್ತು ದಾಟಿದ ಮನುಷ್ಯ. ಎರಡೇ ವಾಹನಗಳು ಹಿಡಿಯುವ ಶೆಡ್ಡು. ಅವನು ಮೊದಲು ಕೇಳಿದ ಪ್ರಶ್ನೆ, “ಯಾವ ವೇಗದಲ್ಲಿ, ಏನನ್ನು ದಾಟಿದಾಗ?” ಎಂಬುದು. ಎರಡನೆಯದು, “ಏನೇನು ಬದಲಿಸಿದ್ದೀರಿ?” ಡ್ಯಾಂಪರನ್ನು ಬದಲಿಸಿದೆವು ಎಂದಾಗ ಅವನು ತಲೆಯಾಡಿಸಿ, ಎರಡೂ ಡ್ಯಾಂಪರುಗಳನ್ನು ಬಿಚ್ಚಿ ಬೆಂಚಿನ ಮೇಲಿಟ್ಟುಬಿಟ್ಟನು. ಅವು ಇರುವವರೆಗೆ ರೋಗವು ಮಾತನಾಡುವುದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು.

ಅನಂತರ ನನ್ನನ್ನೇ ಚಾಲಕನ ಆಸನದಲ್ಲಿ ಕೂರಿಸಿದನು. ಎಂಜಿನ್ ಚಾಲೂ ಇರಬೇಕು, ನಾಲ್ಕು ಗಾಲಿಗಳೂ ನೆಲದ ಮೇಲೆ ಭಾರ ಹೊತ್ತಿರಬೇಕು. ನಾನು ಸ್ಟಿಯರಿಂಗನ್ನು ಗಡಿಯಾರದ ಹತ್ತರಿಂದ ಎರಡರವರೆಗೆ, ಮತ್ತೆ ಎರಡರಿಂದ ಹತ್ತರವರೆಗೆ, ಮೊಸರು ಕಡೆಯುವಂತೆ ಆಡಿಸುತ್ತಿರಬೇಕು. ಅವನೂ ನನ್ನ ಮಗನೂ ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಹೊರಗಿನಿಂದ ಕಣ್ಣಿಗೆ ಕಾಣದ ಸಡಿಲು ಅಂಗೈಗೆ ತಿಳಿಯುತ್ತದೆಯಂತೆ. ಸುಮಾರು ಹತ್ತು ನಿಮಿಷ ಹೀಗೆ ಆಡಿಸಿದೆನು, ಭುಜ ನೋಯತೊಡಗಿತು. ಒಮ್ಮೆಲೇ ಕೆಳಗಿನಿಂದ ಮಗನು “ಅಪ್ಪಾ, ನಿಲ್ಲಿಸಬೇಡಿ, ನಿಲ್ಲಿಸಬೇಡಿ” ಎಂದು ಕೂಗಿದನು.

ಅವರು ಕಂಡದ್ದು ಇದು. ಅಚ್ಚು ಎಡಬಲಕ್ಕೆ ಸರಿಯದಂತೆ ಹಿಡಿಯಲು ಟ್ರ್ಯಾಕ್ ಬಾರ್ ಎಂಬ ಒಂದು ದಪ್ಪ ಸಲಾಕೆ ಇರುತ್ತದೆ. ಅದರ ಒಂದು ತುದಿ ಅಚ್ಚಿಗೆ, ಇನ್ನೊಂದು ತುದಿ ಚಾಸಿಗೆ. ವಾಹನವನ್ನು ಎತ್ತರಿಸಿದಾಗ ಈ ಸಲಾಕೆ ಓರೆಯಾಗುತ್ತದೆ. ಉದ್ದ ಬದಲಾಗದುದರಿಂದ ಅದು ಇಡೀ ಅಚ್ಚನ್ನು ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಇದನ್ನು ಸರಿದೂಗಿಸಲು ಚಾಸಿಯ ಕಡೆಯ ತುದಿಯನ್ನು ಕೆಳಗಿಳಿಸುವ ಒಂದು ಕಬ್ಬಿಣದ ಬ್ರಾಕೆಟ್ಟನ್ನು ಹಾಕುವರು. ಹಿಂದಿನ ಮಾಲೀಕನು ಹಾಕಿದ್ದು ನಾಲ್ಕು ಅಂಗುಲದ ಎತ್ತರಕ್ಕೆ ಮಾಡಿದ ಬ್ರಾಕೆಟ್ಟು. ಎತ್ತರಿಸಿದ್ದು ಆರು ಅಂಗುಲ. ಅದಲ್ಲದೆ ಆ ಬೋಲ್ಟನ್ನು ಬೇಕಾದಷ್ಟು ಬಿಗಿ ಮಾಡಿರಲಿಲ್ಲ. ಸಾವಿರಾರು ಮೈಲಿಗಳಲ್ಲಿ ಬೋಲ್ಟು ರಂಧ್ರದೊಳಗೆ ಕುಟ್ಟಿಕುಟ್ಟಿ, ದುಂಡಾಗಿದ್ದ ರಂಧ್ರವು ಅಂಡಾಕಾರವಾಗಿತ್ತು. ಸ್ಪ್ಯಾನರು ಹಾಕಿ ನೋಡಿದರೆ ನಟ್ಟು ಬಿಗಿಯಾಗಿಯೇ ಇದೆ! ಮುದುಕನು ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದನು. ಸ್ಟಿಯರಿಂಗನ್ನು ಆಡಿಸಿದಾಗ ಆ ಗೆರೆ ಮುರಿದು, ಎರಡು ತುಂಡುಗಳು ಮೂರು ಮಿಲಿಮೀಟರಿನಷ್ಟು ಅತ್ತಿತ್ತ ಸರಿದಾಡಿದವು. ರಂಧ್ರದ ಸುತ್ತ ಬಣ್ಣ ಹೋಗಿ ಹೊಳೆಯುವ ಲೋಹ, ಅದರಂಚಿನಲ್ಲಿ ಕುಂಕುಮದಂತಹ ನುಣ್ಣನೆಯ ತುಕ್ಕಿನ ಪುಡಿ. ಅಂತಹ ಪುಡಿ ಕಂಡಲ್ಲಿ ಎರಡು ಲೋಹಗಳು ಗುಟ್ಟಾಗಿ ಉಜ್ಜಾಡುತ್ತಿವೆಯೆಂದು ತಿಳಿಯಬೇಕೆಂದು ಅವನು ಹೇಳಿದನು.

ಕಾರಣ ಸಿಕ್ಕಿತೆಂದು ನಾವು ಹಿಗ್ಗಿದೆವು. ಅವನು ಅಲ್ಲಿಗೇ ನಿಲ್ಲಲಿಲ್ಲ. ಒಂದು ದೋಷ ಕಂಡೊಡನೆ ಪರೀಕ್ಷೆಯನ್ನು ನಿಲ್ಲಿಸುವವನು ಅರ್ಧ ಮೆಕ್ಯಾನಿಕನಂತೆ. ಅಚ್ಚನ್ನು ಜಾಕಿನ ಮೇಲೆ ಎತ್ತಿ, ಟಯರಿನ ಕೆಳಗೆ ಉದ್ದನೆಯ ಹಾರೆ ಕೊಟ್ಟು ಮೀಟಿ, ಬಾಲ್ ಜಾಯಿಂಟುಗಳನ್ನು ನೋಡಿದನು: ಬಲಗಡೆಯ ಕೆಳಗಿನದರಲ್ಲಿ ಸ್ವಲ್ಪ ಆಟವಿತ್ತು. ಗಾಲಿಯ ಬೇರಿಂಗುಗಳು ಸರಿಯಾಗಿದ್ದವು, ಟೈ ರಾಡಿನ ತುದಿಗಳೂ ಸರಿ. ಅಚ್ಚನ್ನು ಹಿಂದಕ್ಕೆ ಹಿಡಿದಿರುವ ಎರಡು ತೋಳುಗಳ ರಬ್ಬರ್ ಬುಷ್‌ಗಳು ತಿರುಚಿಕೊಂಡು ಬಿರಿದಿದ್ದವು. ಟಯರಿನ ಮೈಮೇಲೆ ಅಂಗೈ ಸವರಲು ಹೇಳಿದನು, ಸವೆತವು ಅಲೆಅಲೆಯಾಗಿತ್ತು. ಸ್ಟಿಯರಿಂಗಿನಿಂದ ಗಾಲಿಗೆ ಹೋಗುವ ಸಲಾಕೆಯೂ ಈ ಟ್ರ್ಯಾಕ್ ಬಾರೂ ಒಂದಕ್ಕೊಂದು ಸಮಾಂತರವಾಗಿರಬೇಕು. ಇಲ್ಲದಿದ್ದರೆ ಗಾಲಿ ಹೊಂಡಕ್ಕೆ ಇಳಿದು ಏಳುವಾಗಲೆಲ್ಲ ಚಾಲಕನು ಏನೂ ಮಾಡದೆ ಹೋದರೂ ವಾಹನವು ತಾನೇ ತಿರುಗಲೆಳಸುತ್ತದೆ. ಇಲ್ಲಿ ಅವೆರಡೂ ಕತ್ತರಿಯ ಬಾಯಂತೆ ತೆರೆದುಕೊಂಡಿದ್ದವು.

ಇನ್ನುಳಿದದ್ದು ಕ್ಯಾಸ್ಟರ್ ಎಂಬ ಕೋನ. ಇದನ್ನು ಅರ್ಥಮಾಡಿಕೊಳ್ಳಲು ಸೈಕಲ್ಲೊಂದು ಸಾಕು. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಮುಂದಕ್ಕೆ ಓರೆಯಾಗಿರುತ್ತದೆಯಷ್ಟೆ? ಆ ಓರೆಯ ಗೆರೆಯನ್ನು ನೆಲದವರೆಗೆ ಎಳೆದರೆ ಗಾಲಿಯು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಆದುದರಿಂದ ಗಾಲಿಯು ಆ ಗೆರೆಯನ್ನು ಹಿಂಬಾಲಿಸುತ್ತಾ ತಾನಾಗಿ ನೇರವಾಗುತ್ತದೆ. ಕೈಬಿಟ್ಟು ಸೈಕಲ್ ಹೊಡೆಯುವ ಹುಡುಗರಿಗೆ ಇದರ ನೆರವು ದೊಡ್ಡದು. ಮೋಟಾರಿನಲ್ಲಿಯೂ ಹೀಗೆಯೇ. ಆದರೆ ಚಾಸಿಯನ್ನು ಮೇಲಕ್ಕೆತ್ತಿದಾಗ ಹಿಂದಿನಿಂದ ಹಿಡಿದ ತೋಳುಗಳು ಕೆಳಮುಖವಾಗಿ, ಅಚ್ಚು ಮುಂದಕ್ಕೆ ಉರುಳಿ, ಈ ಓರೆಯು ಕಡಿಮೆಯಾಗುತ್ತದೆ. ಅಳೆದಾಗ ಎಡಕ್ಕೆ 1.2 ಡಿಗ್ರಿ, ಬಲಕ್ಕೆ 1.5 ಡಿಗ್ರಿ ಬಂದಿತು. ಕನಿಷ್ಠ ಮೂರೂವರೆಯಾದರೂ ಬೇಕಿತ್ತೆಂದು ಅವನು ಹೇಳಿದನು. ನೇರವಾಗಬೇಕೆಂಬ ಸ್ವಭಾವವೇ ಗಾಲಿಗಳಿಗೆ ಮರೆತುಹೋಗಿತ್ತು.

ನಮ್ಮ ಶಾಸ್ತ್ರಸಭೆಗಳಲ್ಲಿ ನಿಮಿತ್ತ, ಉಪಾದಾನಗಳ ಚರ್ಚೆ ಮುಗಿಯುವುದೇ ಇಲ್ಲ. ಸೇತುವೆಯ ಸಂದು ಕೇವಲ ನಿಮಿತ್ತವೆಂದೂ, ಸಡಿಲಾದ ರಂಧ್ರವೂ ಕಳೆದುಹೋದ ಕೋನವೂ ಒಳಗಿನ ಯೋಗ್ಯತೆಯೆಂದೂ ನಾನು ಅಲ್ಲಿಯೇ ಮಗನಿಗೆ ಹೇಳಹೊರಟೆನು. ಅವನು ಗ್ರೀಸ್ ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತಾ, “ಅಪ್ಪಾ, ಮೊದಲು ಬಿಲ್ಲು ಎಷ್ಟಾಗುವುದೆಂದು ಕೇಳೋಣ” ಎಂದನು.

ಬಿಲ್ಲಿನ ಅಂದಾಜು 2,900 ಡಾಲರು. ಅಂದು ರಾತ್ರಿ ಮನೆಗೆ ಬಂದ ಮಗನ ಸ್ನೇಹಿತನೊಬ್ಬನು ಒಂದು ಉಪಾಯ ಹೇಳಿದನು. ಡ್ಯಾಂಪರುಗಳು ಹೊಸವೇ ಇವೆ. ಮರಳಿ ಜೋಡಿಸಿ, ತೊಳೆದು, ಹಳೆಯ ವಾಹನ ಕೊಳ್ಳುವ ಅಂಗಡಿಗೆ ಕೊಟ್ಟು ಬೇರೊಂದನ್ನು ತಂದುಬಿಡು. ಅವರು ಪೇಟೆಯೊಳಗೆ ಎರಡು ಮೈಲಿ ಓಡಿಸಿ ನೋಡುತ್ತಾರೆ, ಅಷ್ಟರಲ್ಲಿ ಏನೂ ತಿಳಿಯುವುದಿಲ್ಲ. ನಿನಗೆ ಮಾರಿದವನು ನಿನಗೆ ಹೇಳಿದನೇ? ಮಗನು ಸುಮ್ಮನಿದ್ದನು. ಆ ಮೌನ ನನಗೆ ಚೆನ್ನಾಗಿ ಪರಿಚಿತ. ಮನಸ್ಸು ಒಪ್ಪಿಕೊಂಡಾದ ಮೇಲೆ ಬಾಯಿ ಒಪ್ಪಲು ತೆಗೆದುಕೊಳ್ಳುವ ಸಮಯ ಅದು.

ಸ್ನೇಹಿತನು ಹೋದ ಮೇಲೆ, ಮೂವತ್ತಮೂರು ವರ್ಷಗಳಿಂದ ಯಾರಿಗೂ ಹೇಳದ ಒಂದು ಸಂಗತಿಯನ್ನು ನಾನು ಮಗನಿಗೆ ಹೇಳಿದೆನು. ನನ್ನ ಪತ್ನಿಯೂ ಅದನ್ನು ಅಂದೇ ಕೇಳಿದ್ದು.

1991ರಲ್ಲಿ ನಮ್ಮದೊಂದು ಲಾರಿಯಿತ್ತು. ಬ್ಯಾಡಗಿಯಿಂದಲೂ ಹುಬ್ಬಳ್ಳಿಯಿಂದಲೂ ಪುಣೆಯ ಕಡೆಗೆ ಮಾಲು ಒಯ್ಯುತ್ತಿತ್ತು. ಅದರ ಮುಂದಿನ ಗಾಲಿಗಳ ಕಿಂಗ್ ಪಿನ್‌ಗಳು ಸವೆದಿದ್ದವು. ಕಿಂಗ್ ಪಿನ್ ಎಂದರೆ ಗಾಲಿಯು ತಿರುಗಲು ಆಧಾರವಾದ ಗೂಟ; ಬಾಗಿಲಿಗೆ ತಿರುಗಣಿ ಇದ್ದಂತೆ. ನಲವತ್ತು ಕಿಲೋಮೀಟರು ದಾಟಿದರೆ ಸ್ಟಿಯರಿಂಗ್ ನಡುಗುತ್ತಿತ್ತೆಂದು ಚಾಲಕನು ದೂರುತ್ತಲೇ ಇದ್ದನು. ಪೂರ್ತಿ ರಿಪೇರಿಗೆ ಖರ್ಚು ಬಹಳವೆಂದು ನಾನು ಲಾರಿಯನ್ನೇ ಮಾರಲು ನಿಶ್ಚಯಿಸಿದೆನು. ತಂದೆಯವರು ಶ್ರವಣಬೆಳಗೊಳದ ಯಾತ್ರೆಗೆ ಹೋಗಿದ್ದ ವಾರ ಅದು. ಮೇಸ್ತ್ರಿಯನ್ನು ಕರೆಸಿ, ಸವೆದ ಬುಷ್‌ಗಳಿಗೆ ಗಟ್ಟಿಯಾದ ಗ್ರೀಸನ್ನು ಒತ್ತಿ ತುಂಬಿಸಿ, ನಡುವೆ ತೆಳ್ಳನೆಯ ತಗಡಿನ ಬಿಲ್ಲೆಗಳನ್ನು ಸೇರಿಸಿದೆನು. ಗಾಲಿಯನ್ನು ಕೈಯಿಂದ ಅಲುಗಿಸಿದರೆ ಆಟ ತಿಳಿಯುತ್ತಿರಲಿಲ್ಲ. ಖರ್ಚು 240 ರೂಪಾಯಿ. ರಾಣೆಬೆನ್ನೂರಿನ ಒಬ್ಬ ಚಾಲಕನು, ತನ್ನ ಹೆಂಡತಿಯ ಬಂಗಾರವನ್ನು ಒತ್ತೆಯಿಟ್ಟು, ಸ್ವಂತಕ್ಕೆಂದು ಮೊದಲ ಲಾರಿ ಕೊಳ್ಳಲು ಬಂದವನು, ಅದನ್ನು ಗಾಲಿ ಅಲುಗಿಸಿ ನೋಡಿಯೇ ಕೊಂಡನು. “ಶೆಟ್ಟರ ಮನೆಯ ಮಾಲು” ಎಂದು ನಗುತ್ತಾ ಕೈಮುಗಿದು ಹೋದನು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕೊನೆಯದು ಪ್ರತಿರೂಪಕವ್ಯವಹಾರ. ಒಳ್ಳೆಯದರ ವೇಷ ತೊಡಿಸಿ ಕೆಟ್ಟದ್ದನ್ನು ಮಾರುವುದು. ಹಾಲಿಗೆ ನೀರು, ತುಪ್ಪಕ್ಕೆ ಡಾಲ್ಡಾ ಎಂಬ ಉದಾಹರಣೆಗಳನ್ನು ನಾನೇ ಎಷ್ಟೋ ಶಿಬಿರಗಳಲ್ಲಿ ಮಕ್ಕಳಿಗೆ ಕೊಟ್ಟಿದ್ದೇನೆ. ಸವೆದ ಬುಷ್‌ಗೆ ಗ್ರೀಸ್ ಎಂಬ ಉದಾಹರಣೆಯನ್ನು ಒಮ್ಮೆಯೂ ಕೊಡಲಿಲ್ಲ. ಆ ಚಾಲಕನು ಎಂದೂ ಮರಳಿ ಬಂದು ಕೇಳಲಿಲ್ಲ. ಅವನು ಬರಲಿಲ್ಲವೆಂಬುದೇ ನನ್ನನ್ನು ಹೆದರಿಸುತ್ತಿತ್ತು. ಪತ್ರಿಕೆಯಲ್ಲಿ ಹಾವೇರಿ, ಶಿಗ್ಗಾವಿಯ ಕಡೆ ಲಾರಿ ಉರುಳಿದ ಸುದ್ದಿ ಬಂದರೆ ನಂಬರನ್ನು ಹುಡುಕುತ್ತಿದ್ದೆನು. ತಂದೆಯವರು ಏನೂ ತಿಳಿಯದೆಯೇ 1998ರಲ್ಲಿ ತೀರಿಕೊಂಡರು. ಟ್ರಕ್ಕಿನ ಕೆಳಗೆ ಮಲಗಿ ಆ ಹೊಸ ಡ್ಯಾಂಪರನ್ನು ಹಿಡಿದಾಗ ನನಗಾದದ್ದು ಸಿಟ್ಟಲ್ಲವೆಂದು ಹೇಳಿದೆನಷ್ಟೆ. ಅದು ನನ್ನ ಕೈಬರಹವನ್ನೇ ಬೇರೆಯವರ ಪುಸ್ತಕದಲ್ಲಿ ಕಂಡಂತಾಯಿತು.

ಮಗನು ಇದನ್ನು ಕೇಳಿ ಯಾವ ಮಾತನ್ನೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಮುದುಕನಿಗೆ ಫೋನು ಮಾಡಿ, ಕೆಲಸ ಶುರು ಮಾಡಿರೆಂದನು.

ಕೆಲಸಕ್ಕೆ ಎಂಟು ದಿನ ಹಿಡಿಯಿತು. ರಂಧ್ರಕ್ಕೆ ವಾಷರು ಬೆಸೆದು ತುಂಬಬಹುದಲ್ಲವೇ ಎಂದು ನಾನು ಕೇಳಿದಾಗ, ಮುದುಕನು, ಆ ಬ್ರಾಕೆಟ್ಟನ್ನೇ ತೆಗೆದು ಹಾಕಿದರೆ ಇನ್ನೂ ಒಳ್ಳೆಯದು, ಇಷ್ಟು ಎತ್ತರ ನಿಮಗೆ ಏಕೆ ಬೇಕು ಎಂದು ಮರುಪ್ರಶ್ನೆ ಹಾಕಿದನು. ಮಗನ ಬಳಿ ಉತ್ತರವಿರಲಿಲ್ಲ. ಆರು ಅಂಗುಲದ ಸ್ಪ್ರಿಂಗುಗಳ ಬದಲು ಎರಡೂವರೆ ಅಂಗುಲದವು ಬಂದವು, ಅವುಗಳಿಗೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರುಗಳು, ಎರಡಂಗುಲ ಚಿಕ್ಕ ಟಯರುಗಳು. ಉದ್ದವನ್ನು ತಿರುಗಿಸಿ ಹೊಂದಿಸಬಹುದಾದ ಟ್ರ್ಯಾಕ್ ಬಾರನ್ನು ಚಾಸಿಯ ಮೂಲಸ್ಥಾನಕ್ಕೇ ಜೋಡಿಸಿ, ಅಚ್ಚನ್ನು ನಡುಮಧ್ಯಕ್ಕೆ ತಂದನು. ಬಾಲ್ ಜಾಯಿಂಟುಗಳನ್ನೂ ಬುಷ್‌ಗಳನ್ನೂ ಬದಲಿಸಿದನು. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ವಾಹನವು ಜಾಕಿನ ಮೇಲೆ ತೂಗಾಡುವಾಗ ಎಂದೂ ಬಿಗಿ ಮಾಡಬಾರದಂತೆ. ನೆಲಕ್ಕಿಳಿಸಿ, ಪೂರ್ತಿ ಭಾರ ಬಿದ್ದ ಮೇಲೆಯೇ ಅಳತೆಯ ಸ್ಪ್ಯಾನರಿನಿಂದ ಬಿಗಿಯಬೇಕು. ಇಲ್ಲವಾದರೆ ರಬ್ಬರು ಮೊದಲ ದಿನದಿಂದಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ಈ ಒಂದು ಮಾತನ್ನು ನಮ್ಮ ಊರಿನ ಗ್ಯಾರೇಜುಗಳಲ್ಲಿ ನಾನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ, ಕೆಲವರು ಕೇಳುತ್ತಾರೆ. ಕೊನೆಯಲ್ಲಿ ಕ್ಯಾಸ್ಟರ್ ಎಡಕ್ಕೆ 4.1, ಬಲಕ್ಕೆ 4.3 ಡಿಗ್ರಿ ಬಂದಿತು. ಆಮೇಲೆ ಅವನು ಡ್ಯಾಂಪರನ್ನು ಜೋಡಿಸದೆಯೇ ಟ್ರಕ್ಕನ್ನು ಹೊರಗೆ ಒಯ್ದು, ಬೇಕೆಂದೇ ರೈಲ್ವೆ ಹಳಿಗಳ ಮೇಲೆ ಹಾಯಿಸಿ, ಹೆದ್ದಾರಿಯಲ್ಲಿ ಓಡಿಸಿ ನೋಡಿದನು. ಒಂದು ತೂಗಾಟವೂ ಇಲ್ಲ. ಅನಂತರವೇ ಒಂದೇ ಒಂದು ಸಾಧಾರಣ ಡ್ಯಾಂಪರನ್ನು ಹಾಕಿ ಕೊಟ್ಟನು.

ಮುಂದಿನ ದೀಪಗಳ ಕೋನವನ್ನೂ ಅವನು ತಿದ್ದಿದನು. ಎತ್ತರಿಸಿದ ವಾಹನದ ದೀಪ ನೇರವಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ವಿಷಯವನ್ನು ಮೊಮ್ಮಗಳು ತೋರಿಸಿಕೊಟ್ಟಳು. ಟ್ರಕ್ಕು ಎತ್ತರವಾಗಿದ್ದಾಗ ಅವಳು ಬಾನೆಟ್ಟಿನ ಮುಂದೆ ನಿಂತರೆ ಚಾಲಕನ ಆಸನದಿಂದ ಅವಳ ತಲೆಗೂದಲೂ ಕಾಣುತ್ತಿರಲಿಲ್ಲ. ಇಳಿಸಿದ ಮೇಲೂ ಮೂರು ಹೆಜ್ಜೆ ಹಿಂದೆ ಸರಿದಾಗಲೇ ಕಂಡಳು. ವಿಮಾ ಕಂಪನಿಗಳ ನೆರವಿನಿಂದ ನಡೆಯುವ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಮುಂದಂಚು ನಲವತ್ತು ಅಂಗುಲಕ್ಕಿಂತ ಎತ್ತರವಿರುವ ವಾಹನಗಳು ಪಾದಚಾರಿಗೆ ಬಡಿದಾಗ, ಮೂವತ್ತು ಅಂಗುಲ ಅಥವಾ ಅದಕ್ಕಿಂತ ತಗ್ಗಾಗಿ ಇಳಿಜಾರಾದ ಬಾನೆಟ್ಟಿನ ವಾಹನಗಳಿಗಿಂತ ಸಾವಿನ ಸಂಭವ ಸುಮಾರು ಶೇಕಡಾ 45ರಷ್ಟು ಹೆಚ್ಚು. ಈರ್ಯಾಸಮಿತಿಯಲ್ಲಿ ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯುತ್ತಾರೆ. ಈ ವಾಹನಗಳಲ್ಲಿ ಕುಳಿತವನಿಗೆ ಕಾಣದಿರುವುದು ಆ ನಾಲ್ಕು ಮೊಳದ ನೆಲವೇ.

ಸೆಪ್ಟೆಂಬರಿನಲ್ಲಿ ಹಿಂದಿರುಗಿದೆವು. ಊರಿಗೆ ಬಂದವನು ಅಟ್ಟದ ಮೇಲಿನ ಹಳೆಯ ವಹಿಗಳನ್ನು ಇಳಿಸಿ 1991ರ ಪುಸ್ತಕವನ್ನು ತೆಗೆದೆನು. ‘ಮುಂಗಾಲಿ ದುರಸ್ತಿ 240’ ಎಂದು ನನ್ನದೇ ಅಕ್ಷರ. ಅದರ ಕೆಳಗೆ ಕೊಂಡವನ ಹೆಸರು, ಓಣಿ. ಡಿಸೆಂಬರಿನಲ್ಲಿ ಒಂದು ದಿನ ರಾಣೆಬೆನ್ನೂರಿಗೆ ಹೋದೆನು. ಓಣಿಯ ಹೆಸರು ಬದಲಾಗಿತ್ತು, ಮನೆ ಬದಲಾಗಿರಲಿಲ್ಲ. ಎಂಬತ್ತು ದಾಟಿದ ಅವರು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕುಳಿತಿದ್ದರು. ಗುರುತು ಹೇಳಿದೆನು. ಬಂದ ಕಾರಣವನ್ನು ಹೇಳುವಾಗ ನನ್ನ ಧ್ವನಿ ಸರಿಯಾಗಿ ಹೊರಡಲಿಲ್ಲ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, “ಅದು ಮೊದಲನೇ ದಿನಾನೇ ಗೊತ್ತಾತ್ರಿ. ಹರಿಹರದಾಗ ಬಿಚ್ಚಿಸಿದೆ. ನಾಕು ಸಾವಿರ ಹೋತು” ಎಂದರು.

“ನನ್ನ ಬಳಿಗೆ ಏಕೆ ಬರಲಿಲ್ಲ?”

“ನಿಮ್ಮ ಅಪ್ಪಾಜಿ ಮುಂದ ಹೆಂಗ ಹೇಳೂದು? ದೊಡ್ಡ ಮನಷ್ಯಾ. ಬ್ಯಾಸರಾ ಮಾಡ್ಕೊಂಡಿದ್ರು.” ಅವರು ಬೀಡಿಗೆಂದು ಕಿಸೆಗೆ ಕೈಹಾಕಿ, ನನ್ನನ್ನು ನೋಡಿ, ಹಾಗೆಯೇ ತೆಗೆದರು. “ಮುಂದ ಏಳು ವರ್ಷಕ್ಕ ನಾ ಅದನ್ನ ಮಾರಿದೆ. ಗೇರ್ ಬಾಕ್ಸ್ ಸದ್ದು ಮಾಡ್ತಿತ್ತು. ಹೇಳೇ ಮಾರಿದೆ. ಎಂಟು ಸಾವಿರ ಕಮ್ಮಿ ಬಂತು.”

ನಾನು ಒಯ್ದಿದ್ದ ಹಣದ ಲಕೋಟೆಯನ್ನು ಅವರು ಮುಟ್ಟಲಿಲ್ಲ. ಒಳಗಿನಿಂದ ಚಹಾ ಬಂದಿತು. ಅಮೆರಿಕದ ಟ್ರಕ್ಕಿಗೆ ಮುಂದುಗಡೆ ಪಾಟಾ ಇರುತ್ತದೆಯೋ ಸ್ಪ್ರಿಂಗೋ ಎಂದು ಕೇಳಿದರು. ಸ್ಪ್ರಿಂಗು ಎಂದೆನು. ಅಲ್ಲಿಯ ಮುದುಕ ಮೇಸ್ತ್ರಿ ಸುಣ್ಣದ ಗೆರೆ ಎಳೆದುದನ್ನು ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು. ಮೊಮ್ಮಗನನ್ನು ಕರೆದು ಅದನ್ನು ಇನ್ನೊಮ್ಮೆ ನನ್ನಿಂದ ಹೇಳಿಸಿದರು. ಲಕೋಟೆಯನ್ನು ಅವರೆದುರಿಗೇ ಆ ಊರಿನ ಗೋಶಾಲೆಯ ಹುಂಡಿಗೆ ಹಾಕಲು ಆ ಹುಡುಗನ ಕೈಗೆ ಕೊಟ್ಟೆನು. ಅದಕ್ಕೂ ಅವರು ಅಷ್ಟೇನೂ ಒಪ್ಪಿದಂತೆ ಕಾಣಲಿಲ್ಲ.

ಐನೂರು ಮೈಲಿ ಓಡಿಸಿದ ಮೇಲೆ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದು ನೋಡಬೇಕೆಂದು ಎಂಗಲ್‌ವುಡ್ಡಿನ ಮುದುಕನು ಹೇಳಿದ್ದನು. ನಾನು ರಾಣೆಬೆನ್ನೂರಿಗೆ ಹೋಗುವ ಮೊದಲೇ ಮಗನು ನೋಡಿಸಿಯಾಗಿತ್ತು. ಒಂದು ಬೋಲ್ಟು ಕಾಲು ಸುತ್ತು ತೆಗೆದುಕೊಂಡಿತಂತೆ.